ಲೈನ್‌ನಲ್ಲಿ ಜನ ಇದ್ದಾರೆ

ನಮ್ಮ ದೊಡ್ಡಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ನಿವೃತ್ತಿಯಾಗಿ ವರ್ಷಗಳು ಕಳೆದರೂ ಬೀದಿಯವರಿಗೆಲ್ಲ ಅವಳು ‘ಹಲೋ ದೊಡ್ಡಮ್ಮ’. ಮನೆಯಲ್ಲಿ ಯಾರೇ ಫೋನ್ ಮಾಡಲಿ, “ಸಿಕ್ಕಿದ್ರಾ? ಸರಿಯಾಗಿ ಕೇಳಿಸ್ತಿದೆಯಾ?” ಎಂದು ವಿಚಾರಿಸದಿದ್ದರೆ ಅವಳಿಗೆ ಸಮಾಧಾನವಿಲ್ಲ.

ಕೆಲಸದ ದಿನಗಳಲ್ಲಿ ಟ್ರಂಕ್ ಕಾಲ್ ಜೋಡಿಸುವಾಗ ಇನ್ನೊಂದು ಊರಿನ ಎಕ್ಸ್‌ಚೇಂಜಿನಿಂದ ಕೇಳಿಬರುತ್ತಿದ್ದ ದನಿಯೊಂದು ಅವಳ ಗೆಳತಿಯಾಯಿತು. ಇಬ್ಬರೂ ಒಬ್ಬರ ಮುಖವನ್ನೊಬ್ಬರು ಕಂಡವರಲ್ಲ. ಮದುವೆ, ಬಾಣಂತನ, ಅತ್ತೆಯ ಗೊಣಗಾಟ ಎಲ್ಲವನ್ನೂ ಎರಡು ಕರೆಗಳ ನಡುವಿನ ಬಿಡುವಿನಲ್ಲೇ ಹಂಚಿಕೊಂಡವರು. ನಿವೃತ್ತಿಯಾದ ಮೇಲೂ ಭಾನುವಾರದ ಫೋನು ತಪ್ಪಿರಲಿಲ್ಲ. ಈಚೆಗೆ ಗೆಳತಿಯ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಭಾನುವಾರದ ಫೋನು ನಿಂತುಹೋಯಿತು.

ಚೇತರಿಸಿಕೊಳ್ಳಲು ಆಕೆ ಕಾಲೇಜಿನಲ್ಲಿ ಪಾಠ ಹೇಳುವ ಮಗಳ ಮನೆಯಲ್ಲಿದ್ದಳು. ಆ ಕಾಲೇಜಿನಲ್ಲಿ ಕಂಪ್ಯೂಟರ್ ಇತ್ತು. ಗೆಳತಿ ಇನ್ನೇನು ತನ್ನೂರಿಗೆ ಹೊರಡುವವಳಿದ್ದಳು. ಅಲ್ಲಿ ಅಂಥದ್ದೇನೂ ಇಲ್ಲ. ಹಾಗಾಗಿ ಹೊರಡುವ ಹಿಂದಿನ ಸಂಜೆ ಅವಳು ಕಾಲೇಜಿಗೆ ಬಂದು ಕಾಯುವುದು, ನಾವು ಇಲ್ಲಿಂದ ಕಂಪ್ಯೂಟರಿನಲ್ಲೇ ಬರೆದು ಅವಳೊಡನೆ ಮಾತಾಡುವುದು ಎಂದು ಮಗಳೂ ನಾನೂ ಮಾತಾಡಿಕೊಂಡಿದ್ದೆವು.

ನಾನು ಕೆಲಸ ಮಾಡುವ ಪ್ರಯೋಗಾಲಯ ಬೇಡವೆಂದು ಬಿಟ್ಟ ಹಳೆಯ ಯುನಿಕ್ಸ್ ಕಂಪ್ಯೂಟರನ್ನು ದೊಡ್ಡಮ್ಮನ ನಡುಮನೆಗೆ ತಂದಿಟ್ಟೆ. ಕಪ್ಪು ಪರದೆ, ಬಿಳಿ ಅಕ್ಷರ, ಬೇರೆ ಅಲಂಕಾರವಿಲ್ಲ. ಫೋನಿನ ಲೈನಿನಲ್ಲೇ ಕಂಪ್ಯೂಟರುಗಳನ್ನು ಮಾತಾಡಿಸುವ ಮೋಡೆಮನ್ನು ತಂತಿಗೆ ಸೇರಿಸಿದೆ. ಆ ಕಡೆಯ ಕಂಪ್ಯೂಟರು ಏನು ಕೇಳಿದರೆ ನಮ್ಮದು ಏನು ಹೇಳಬೇಕೆಂದು ಸಾಲುಸಾಲಾಗಿ ಬರೆದಿಡಬೇಕಿತ್ತು. ಹೆಗಲ ಮೇಲಿಂದ ಇಣುಕಿದ ದೊಡ್ಡಮ್ಮ, “ನಮಗೂ ಹೀಗೇ ಬಾಯಿಪಾಠ ಮಾಡಿಸ್ತಿದ್ರು ಕಣೇ. ಅವರು ‘ಹಲೋ’ ಅನ್ನೋ ತನಕ ನಾವು ಬಾಯಿ ಬಿಡೋ ಹಾಗಿಲ್ಲ” ಎಂದಳು.

ಡಯಲ್ ಮಾಡಿದೆ. ಮೋಡೆಮ್ ಕಿರುಚಿತು, ಗೊರಗುಟ್ಟಿತು, ಸುಮ್ಮನಾಯಿತು. ಸುಮ್ಮನಾಯಿತೆಂದರೆ ಸಂಪರ್ಕ ಸಿಕ್ಕಿತೆಂದೇ ಅರ್ಥ. ನಾನಿನ್ನೂ ಹಿಗ್ಗುತ್ತಿರುವಾಗಲೇ ಸಂಪರ್ಕ ಕಡಿಯಿತು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬುದು ನಾನು ಕಲಿತ ಪಾಠ. ವೇಗ ತಗ್ಗಿಸಿದೆ, ಕಡಿಯಿತು. ತಂತಿ ಬದಲಿಸಿದೆ; ಮತ್ತೆ ಕಡಿಯಿತು.

ಆರಾಮಕುರ್ಚಿಯಿಂದ ದೊಡ್ಡಪ್ಪ, “ಅದಕ್ಕೂ ವಯಸ್ಸಾಯ್ತು, ನನ್ನ ಹಾಗೆ. ಎದ್ದ ತಕ್ಷಣ ಸುಸ್ತು” ಎಂದರು.

ನಗು ಬರಲಿಲ್ಲ. ಹೊತ್ತು ಇಳಿಯುತ್ತಿತ್ತು. ಕಾಲೇಜಿಗೆ ಬೀಗ ಬಿದ್ದರೆ ಮುಗಿಯಿತು.

ಮುಂದಿನ ಸಲ ಪರದೆ ನೋಡುವುದನ್ನು ಬಿಟ್ಟು ಕಿವಿಗೊಟ್ಟು ಕೂತೆ. ಕಿರುಚಾಟ ನಿಂತಿತು. ಆಗ ಮೇಜಿನ ಮೇಲಿದ್ದ ಹಳೆಯ ಫೋನಿನ ಗಂಟೆ ಸಣ್ಣಗೆ ‘ಕಿಣ್’ ಎಂದಿತು. ಒಡನೆಯೇ ಸಂಪರ್ಕ ಹೋಯಿತು. ಅದೇ ಲೈನಿನ ಇನ್ನೊಂದು ಫೋನು ಅಡುಗೆಮನೆಯಲ್ಲಿದೆಯಲ್ಲ! ಅದನ್ನು ಯಾರಾದರೂ ಎತ್ತಿದರೆ ಇಲ್ಲಿ ಸಂಪರ್ಕ ಕಡಿಯುತ್ತದೆ. ಓಡಿದೆ. ದೊಡ್ಡಮ್ಮ ರಿಸೀವರ್ ಕಿವಿಗಿಟ್ಟು, ಮಾತಾಡುವ ಬದಿಯನ್ನು ಅಂಗೈಯಿಂದ ಮುಚ್ಚಿ, ಉಸಿರು ಬಿಗಿಹಿಡಿದು ನಿಂತಿದ್ದಳು.

“ದೊಡ್ಡಮ್ಮಾ! ಏನ್ ಮಾಡ್ತಿದ್ದೀಯ?”

“ಶ್! ಅಷ್ಟು ಹೊತ್ತು ಕಿರುಚಾಡಿದೋರು ಒಂದೇ ಸಲ ಸುಮ್ಮನಾದ್ರೆ? ಲೈನ್ ಕಟ್ಟಾಯ್ತೇನೋ ಅಂತ ನೋಡ್ದೆ. ಜೋಡಿಸಿದ ಮೇಲೆ ಒಂದ್ಸಲ ಕೇಳಿ ನೋಡ್ಬೇಕು ಕಣೇ, ಅದು ರೂಲ್ಸು.”

“ಪ್ರತಿ ಸಲಾನೂ ನೋಡಿದ್ಯಾ?”

“ನೋಡದೆ? ಗೆಳತಿ ವಿಷಯ.”

ದೊಡ್ಡಪ್ಪನ ನಗು ಅಡುಗೆಮನೆಯವರೆಗೂ ಬಂತು. “ಊರೂರಿನ ಲೈನ್ ಜೋಡಿಸಿದ ಮಹಾತಾಯಿ, ಸ್ವಂತ ಮನೆ ಲೈನ್ ಕಡೀತಾಳೆ ನೋಡು!”

“ನೀವು ಸುಮ್ನಿರಿ” ಎಂದಳು ದೊಡ್ಡಮ್ಮ. ಅವಳಿಗೂ ನಗು ತಡೆಯಲಾಗಲಿಲ್ಲ.

ಅವಳನ್ನು ಕರೆತಂದು ಕೀಬೋರ್ಡಿನ ಮುಂದೆಯೇ ಕೂರಿಸಿದೆ. ಮತ್ತೆ ಡಯಲ್. ಕಿರುಚಾಟ, ಮೌನ. ದೊಡ್ಡಮ್ಮನ ಕೈ ತಂತಾನೆ ಫೋನಿನತ್ತ ಹೊರಟಿತು, ಹಿಡಿದುಕೊಂಡೆ. ಈ ಸಲ ಮೌನ ಮೌನವಾಗಿಯೇ ಉಳಿಯಿತು. ಇಬ್ಬರು ಎದುರುಬದುರು ಬರೆಯುವ ಪ್ರೋಗ್ರಾಮನ್ನು ತೆರೆದೆ. ಪರದೆಯ ನಡುವೆ ಅಡ್ಡಗೆರೆ. ಮೇಲೆ ನಮ್ಮ ಮಾತು, ಕೆಳಗೆ ಅವರದು, ಬರೆದಂತೆಲ್ಲ ಒಂದೊಂದೇ ಅಕ್ಷರವಾಗಿ.

ಕೆಳಗಿನ ಅರ್ಧದಲ್ಲಿ, ಇಂಗ್ಲಿಷ್ ಲಿಪಿಯ ಕನ್ನಡದಲ್ಲಿ, ಅಕ್ಷರಗಳು ಮೂಡತೊಡಗಿದವು: “ಯಾವ ನಂಬರ್ ಬೇಕು?”

ದೊಡ್ಡಮ್ಮ ಬಾಯಿಗೆ ಸೆರಗಿಟ್ಟುಕೊಂಡಳು. ಆಮೇಲೆ ಡಯಲ್ ತಿರುಗಿಸುವ ಬೆರಳಿನಿಂದಲೇ ಹುಡುಕಿ ಹುಡುಕಿ ಒತ್ತಿದಳು: “ನಿನ್ನದೇ ಕಣೇ. ಇಷ್ಟು ದಿನ ಎಂಗೇಜ್ ಇತ್ತು.”

ಕೆಳಗೆ ‘ಹ ಹ’ ಎಂದು ಬಂತು. ತುಸು ತಡೆದು ಇನ್ನೊಂದು ‘ಹ’.

“ನೋಡೇ, ನೋಡೇ, ಅವಳೇ! ಯಾವಾಗಲೂ ಹೀಗೇ, ನಡುವೆ ಉಸಿರು ತಗೊಂಡು ನಗ್ತಾಳೆ!” ಎಂದು ದೊಡ್ಡಮ್ಮ ನನ್ನ ತೋಳು ಅಲುಗಾಡಿಸಿದಳು. ಆ ಬಿಡುವು ನನಗೂ ಕಂಡಿತ್ತು, ಲೈನಿನ ನಿಧಾನವೆಂದುಕೊಂಡಿದ್ದೆ. ಅವಳಿಗೆ ಅದರಲ್ಲಿ ದನಿ ಕೇಳಿಸಿತ್ತು.

ಹರಟೆ ಕಾವೇರಿತು. ಕೆಳಗಿನಿಂದ ಸಾಲೊಂದು ಬಂತು: “ಟೈಮ್ ಆಯ್ತು, ಮುಂದುವರಿಸ್ತೀರಾ?” ಹಿಂದೆ ಟ್ರಂಕ್ ಕಾಲಿನ ಮೂರು ನಿಮಿಷ ಮುಗಿದಾಗ ಮಂದಿಯ ಮಾತಿನ ನಡುವೆ ಇಬ್ಬರೂ ತೂರಿಸುತ್ತಿದ್ದ ಪ್ರಶ್ನೆ. ದೊಡ್ಡಮ್ಮ ನಗುತ್ತಲೇ “ಹೂಂ, ಮುಂದುವರಿಸಿ” ಎಂದು ಒತ್ತಿದಳು.

ಆಗ ಮೇಜಿನ ಫೋನಿಗೆ ದೊಡ್ಡಪ್ಪ ಕೈ ಚಾಚಿದರು, ಯಾರಿಗೋ ಫೋನ್ ಮಾಡಬೇಕಿತ್ತಂತೆ. ದೊಡ್ಡಮ್ಮ ಪರದೆಯಿಂದ ಕಣ್ಣು ಕೀಳದೆ, ಎಕ್ಸ್‌ಚೇಂಜಿನ ದನಿಯಲ್ಲಿ ಗದರಿದಳು: “ಮುಟ್ಟಬೇಡಿ. ಲೈನ್‌ನಲ್ಲಿ ಜನ ಇದ್ದಾರೆ.”