ಬೆಲ್ಲ ಬೇಡವೆಂದ ಕೊಡೆ ರಿಪೇರಿಯವನು

ಟೀವಿ ನೋಡುತ್ತಿದ್ದ ಮಗಳು, "ಅಪ್ಪಾ, ಸ್ಟೇಕ್‌ಔಟ್ ಅಂದ್ರೆ ಎಂತ?" ಎಂದು ಕೇಳಿದಳು. "ಯಾರಿಗೂ ಗೊತ್ತಾಗದ ಹಾಗೆ ಕೂತು ಒಂದು ಮನೆಯ ಮೇಲೆ ಕಣ್ಣಿಡುವುದು" ಎಂದೆ. ಹೇಳುತ್ತಿದ್ದಂತೆ ಬಾಯಿಗೆ ಬೆಲ್ಲದ ರುಚಿ ಬಂತು.

ನಾನು ಚಿಕ್ಕವನಿದ್ದಾಗ ಒಂದು ಬೇಸಿಗೆಯಲ್ಲಿ ನಾವುಂದದ ನಮ್ಮ ಮನೆಯೆದುರಿನ ಗೋಳಿಮರದ ಬುಡದಲ್ಲಿ ಒಬ್ಬ ಕೊಡೆ ರಿಪೇರಿಯವನು ಬಂದು ಕೂತಿದ್ದ. ಮುಂಬೈಯಿಂದ ಹೇಳದೆ ಕೇಳದೆ ಬಂದಿದ್ದ ಚಿಕ್ಕಪ್ಪ ಆಗ ಉಪ್ಪರಿಗೆಯಿಂದ ಕೆಳಗೇ ಇಳಿಯುತ್ತಿರಲಿಲ್ಲ. ಯಾಕೆಂದು ಕೇಳಿದರೆ ದೊಡ್ಡವರು ಗದರುತ್ತಿದ್ದರು. ಬಿಸಿಲಲ್ಲಿ ಬಂದ ಎಲ್ಲರಿಗೂ ಕೊಡುವಂತೆ ಅಜ್ಜಿ ದಿನಾ ಆ ಕೊಡೆಯವನನ್ನೂ, "ಹ್ವಾಯ್, ಬನ್ನಿ, ಬೆಲ್ಲ ನೀರ್ ಕುಡಿನಿ" ಎಂದು ಕರೆಯುತ್ತಿದ್ದಳು. ಅವನು ಬೆಲ್ಲವನ್ನು ನಾಲಿಗೆಯ ಮೇಲಿಟ್ಟುಕೊಂಡು, ಉಪ್ಪರಿಗೆಯ ಕಿಟಕಿ ನೋಡುತ್ತಾ ನೀರು ಕುಡಿಯುತ್ತಿದ್ದ.

ಒಂದು ದಿನ, "ನೀರ್ ಸಾಕಮ್ಮ" ಎಂದ. ತಲೆ ಎತ್ತಲಿಲ್ಲ. ಅಜ್ಜಿ ಒಳಗೆ ಬಂದು ಅಮ್ಮನಿಗೆ ಮೆಲ್ಲಗೆ, "ಬೆಲ್ಲ ಬ್ಯಾಡ ಅಂದ. ಎಂತದೋ ಆತ್ತ್ ಕಾಣ್" ಎಂದಳು. ಬೆಲ್ಲ ತಿಂದ ದಿನ ಆ ಮನೆಗೆ ಯಾರೂ ಕೇಡು ಮಾಡುವುದಿಲ್ಲ ಎಂಬುದು ಅವಳ ನಂಬಿಕೆ.

ಊಟದ ಹೊತ್ತಿಗೆ ಪೊಲೀಸ್ ಜೀಪು ಬಂತು. ಚಿಕ್ಕಪ್ಪನ ತೋಳು ಹಿಡಿದು ಮೆಟ್ಟಿಲು ಇಳಿಸಿದವನು ಆ ಕೊಡೆಯವನೇ. ಚಿಕ್ಕಪ್ಪ ಮತ್ತೆ ಮನೆಗೆ ಬರಲಿಲ್ಲ.

ಈಗಲೂ ಮನೆಗೆ ಬಂದವರು, "ಬೆಲ್ಲ ಬ್ಯಾಡ, ಶುಗರ್ ಇತ್ತ್" ಎಂದರೆ ನಾನು ನಗುತ್ತೇನೆ. ಆದರೆ ಅವರು ಹೋಗುವ ತನಕ ನನ್ನ ಕಣ್ಣು ಗೇಟಿನ ಮೇಲೆಯೇ ಇರುತ್ತದೆ.