ಅಮ್ಮನಿಗೆಂದು ಕಟ್ಟಿಟ್ಟ ಕರಿ ನಿಂಬೆ

ನೌಬಾದಿನ ಹೊಸ ಅಂಗಡಿಯೊಂದಕ್ಕೆ ಖರ್ಜೂರ ಕೊಳ್ಳಲು ಹೋಗಿದ್ದೆ. ಅಂಗಡಿಯವನು ಯಾವುದೋ ಡಬ್ಬಿಯ ಮುಚ್ಚಳ ತೆಗೆದ. ಹುಳಿ, ತುಸು ಕಹಿ, ಹೊಗೆ ಹಿಡಿದಂಥ ವಾಸನೆ... ಇಣುಕಿದರೆ ಅವೇ, ಕಪ್ಪಗೆ ಒಣಗಿದ ಇಡೀ ನಿಂಬೆಹಣ್ಣುಗಳು. ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗೆ ಬೀಜ ಗಲಗಲ ಅಂದವು. ಔರಾದಿನ ನಮ್ಮ ಓಣಿ, ಪಕ್ಕದ ಮನೆಯ ಮಾಳಿಗೆ, ಅಲ್ಲಿ ಕುಕ್ಕರಗಾಲಲ್ಲಿ ಕೂತು ನಿಂಬೆ ತಿರುವಿ ಹಾಕುತ್ತಿದ್ದ ಅರಬ್ ಮಾಮು, ಎಲ್ಲ ಒಮ್ಮೆಲೇ ಕಣ್ಣೆದುರು ಬಂದವು.

ಮಾಮು ಪಕ್ಕದ ಮನೆಯ ಖಾಲಾಳ ಗಂಡ. ಖಾಲಾ ಔರಾದಿನವಳೇ. ಕೊಲ್ಲಿಯ ಒಂದು ದೇಶಕ್ಕೆ ಮನೆಗೆಲಸಕ್ಕೆಂದು ಹೋದವಳು ಅಲ್ಲಿ ಇವರನ್ನು ಮದುವೆಯಾಗಿದ್ದಳು. ಆ ದೇಶದ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಅದು ಇವರ ಹೆಸರು ಬರೆದುಕೊಳ್ಳಲಿಲ್ಲ, ಅದರ ಹೆಸರು ನಾನೇಕೆ ಬರೆಯಲಿ? ಮಾಮು ಹುಟ್ಟಿದ್ದು ಅಲ್ಲಿ, ಅವರ ಅಪ್ಪ ಹುಟ್ಟಿದ್ದು ಅಲ್ಲಿ. ಮಾಮು ಅಲ್ಲಿಯ ಪೊಲೀಸ್ ಗಾಡಿ ಓಡಿಸಿದವರು. ಆದರೂ ಅವರು ಅಲ್ಲಿಯ ಪ್ರಜೆಯಲ್ಲ. ಅಂಥವರಿಗೆ ಅಲ್ಲಿ ‘ಬಿದೂನ್’ ಅನ್ನುತ್ತಾರೆ. ಅಂದರೆ ‘ಇಲ್ಲದವರು’. ಮಗುವನ್ನು ಶಾಲೆಗೆ ಸೇರಿಸಲು, ಮದುವೆ ಬರೆಸಲು, ಸತ್ತರೆ ಸತ್ತದ್ದನ್ನು ಬರೆಸಲು ಕೂಡ ಬಾಗಿಲು ಬಾಗಿಲು ಅಲೆಯಬೇಕಂತೆ. ಒಂದು ದಿನ ಮಾಮುವನ್ನು ನೌಕರಿಯಿಂದ ತೆಗೆದು, ಹೊರಗೆ ಹೋಗಲೆಂದು ಒಂದು ಕಾಗದ ಕೊಟ್ಟರು. ತಿರುಗಿ ಬರಲು ಅದು ನಡೆಯುವುದಿಲ್ಲವೆಂದು ಹೇಳಲಿಲ್ಲ. ಬೇಗ ಬರುತ್ತೇನೆಂದು ತಾಯಿಗೆ ಹೇಳಿ ಹೆಂಡತಿಯ ಊರಿಗೆ ಬಂದವರು ಔರಾದಿನಲ್ಲೇ ಸಿಕ್ಕಿಕೊಂಡರು.

ಬೇಕರಿಯ ಭಟ್ಟಿಯಲ್ಲಿ ಕೆಲಸ ಹಿಡಿದರು. ನಮ್ಮ ಮಾತು ಕಲಿತರು. ಕಲಿತದ್ದು ಎಷ್ಟು ಮರ್ಯಾದೆಯಿಂದ ಅಂದರೆ, ಒಣಗಲು ಹಾಕಿದ ನಿಂಬೆಗೆ ಬಾಯಿ ಹಾಕಿದ ಆಡಿಗೂ “ಹೋಗ್ರಿ, ಅತ್ಲಾಗ ಹೋಗ್ರಿ” ಅನ್ನುತ್ತಿದ್ದರು. ಓಣಿಯೆಲ್ಲ ನಗುತ್ತಿತ್ತು. ನಿಂಬೆಯನ್ನು ಉಪ್ಪುನೀರಿನಲ್ಲಿ ಕುದಿಸಿ, ಕಪ್ಪಗಾಗುವವರೆಗೆ ಬಿಸಿಲಿಗಿಟ್ಟು, ಒಡೆದು ಚಹಾಕ್ಕೆ ಹಾಕುತ್ತಿದ್ದರು. ಪ್ರತಿ ಬೇಸಿಗೆಯ ಮೊದಲ ನಿಂಬೆಗಳನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅವನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಗೂಟಕ್ಕೆ ತೂಗುಹಾಕುತ್ತಿದ್ದರು. ಅದು ತಾಯಿಗೆ. ಮುಂದಿನ ಬೇಸಿಗೆಗೆ ಹಳೆಯ ಗಂಟು ಬಿಚ್ಚಿ ಓಣಿಗೆ ಹಂಚಿ ಹೊಸದನ್ನು ಕಟ್ಟುತ್ತಿದ್ದರು. ಹಾಗೆ ಎಷ್ಟು ಗಂಟು ಬಿಚ್ಚಿದರೋ...

ಆಮೇಲೆ ಮಳೆ ಕೈಕೊಟ್ಟ ವರ್ಷಗಳು ಬಂದವು. ಅರ್ಧ ಓಣಿ ಹೈದರಾಬಾದಿಗೆ ಗುಳೆ ಹೋಯಿತು. ಬೇಕರಿ ಮುಚ್ಚಿತು. ಖಾಲಾ ಒಬ್ಬಳ ರೇಷನ್ ಇಬ್ಬರಿಗೆ ಸಾಲುತ್ತಿರಲಿಲ್ಲ. ಆಗ ಬಂದ ನಮ್ಮ ಓಣಿಯ ಪುಢಾರಿ. ಚುನಾವಣೆ ಹತ್ತಿರವಿತ್ತು.

“ಮಾಮು, ನೀವು ನಮ್ಮೂರ ಅಳಿಯ ಅದೀರಿ. ಕಾರ್ಡಿನ್ಯಾಗ ನಿಮ್ಮ ಹೆಸರು ಹಾಕಿಸೋದು ನಂಗ ಬಿಡ್ರಿ.”

“ನಾ ಇಲ್ಲಿ ಹುಟ್ಟಿಲ್ರಿ. ಸುಳ್ಳು ಆಗ್ತದರಿ.”

“ಹೊಟ್ಟಿಗಿ ಸುಳ್ಳು ಖರೇ ತಿಳಿತದೇನ್ರಿ?” ಅಂದು ಪುಢಾರಿ ನಿಂಬೆ ಚಹಾ ಕುಡಿದು ಹೋದ. ಮಾಮು ಔರಾದಿನಲ್ಲೇ ಹುಟ್ಟಿದವರೆಂದು ಬರೆಸಿ ಕಾರ್ಡು ತಂದುಕೊಟ್ಟ.

ಸ್ವಲ್ಪ ದಿನಕ್ಕೆ, ಹೊರಗೆ ಉಳಿದವರ ಅಹವಾಲನ್ನು ಆ ದೇಶದವರು ಮುಂಬೈಯಲ್ಲಿ ಕೇಳುತ್ತಾರೆಂಬ ಸುದ್ದಿ ಬಂತು. ಮಾಮು ತಾಯಿಯ ಗಂಟನ್ನು ಗೂಟದಿಂದ ಇಳಿಸಿದರು. ನಮ್ಮ ಜನ ಆಸ್ಪತ್ರೆಗೆ ಹೋದರೂ ಮೊದಲು ರೇಷನ್ ಕಾರ್ಡು ಜೇಬಿಗೆ ಹಾಕಿಕೊಳ್ಳುವವರು. ನನ್ನ ಅಪ್ಪನೇ ಹೇಳಿದರು: “ಕಾರ್ಡು ಇಟ್ಕೊಳ್ರಿ ಮಾಮು. ಅದಿಲ್ದ ಯಾ ಕಚೇರಿ ಕೆಲಸನೂ ಆಗಂಗಿಲ್ಲ.” ಮಾಮು ಭಾಲ್ಕಿಗೆ ಬಸ್ಸಿನಲ್ಲಿ ಹೋಗಿ ಗುಳೆಯವರ ನಡುವೆ ನಿಂತು ರೈಲು ಹತ್ತಿದರು.

ಗಂಟನ್ನು ಹಿಡಿದುಕೊಂಡೇ ವಾಪಸು ಬಂದರು. ಖಾಲಾ ನನ್ನ ಅವ್ವನ ಮುಂದೆ ಅತ್ತಳು: “ಇವರು ಮೇಜಿನ ಮ್ಯಾಲ ಮೊದ್ಲು ಕಾರ್ಡೇ ಇಟ್ಟಾರ್ರಿ ಅಕ್ಕ. ನೀ ಇಂಡಿಯಾದವ ಅದಿ, ಇಲ್ಲೇ ಬರದದ ನೋಡು ಅಂತ ಅಲ್ಲಿ ಸಾಹೇಬ್ರು ನಕ್ಕರಂತ.”

ಅಷ್ಟಕ್ಕೇ ಮುಗಿಯಲಿಲ್ಲ. ಪುಢಾರಿಯ ವಿರೋಧಿಗಳು ದೂರು ಕೊಟ್ಟರು, ಪರದೇಶದವನಿಗೆ ಕಾರ್ಡು ಹೇಗೆ ಸಿಕ್ಕಿತೆಂದು. ವಿಚಾರಣೆಯ ದಿನ ಓಣಿಯ ಗಂಡಸರೆಲ್ಲ ಮಾಮುವಿನ ಜೊತೆ ಕಚೇರಿಗೆ ನಡೆದರು. “ನಾವು ಅದೇವಲ್ಲ, ಅಂಜಬ್ಯಾಡ್ರಿ” ಎಂದು ದಾರಿಯುದ್ದಕ್ಕೂ ಧೈರ್ಯ ಹೇಳಿದರು. ನಾನೂ ಹಿಂದೆ ಹೋಗಿದ್ದೆ. ಕಾರ್ಡು ಮಾಡಿಸಿದ್ದು ನೀವೇನು ಎಂದು ಅಲ್ಲಿಯ ಸಾಹೇಬರು ಪುಢಾರಿಯನ್ನು ಕೇಳಿದರು.

“ಇವರು ಯಾರೋ ನಂಗ ಗೊತ್ತೇ ಇಲ್ರಿ ಸಾಹೇಬ್ರ” ಅಂದ ಅವನು. ಮುಖ ಒಂದಿಷ್ಟೂ ಕೆಂಪಾಗಲಿಲ್ಲ.

ಸಾಹೇಬರು ಓಣಿಯವರತ್ತ ತಿರುಗಿ, ಇವರು ನಿಮ್ಮವರೇನು ಎಂದು ಕೇಳಿದರು. ಸುಳ್ಳು ಕಾರ್ಡಿನ ಗೋಳು ತಮ್ಮ ಕುತ್ತಿಗೆಗೆ ಬಂದೀತೆಂದು ಎಲ್ಲರೂ ಚಪ್ಪಲಿ ನೋಡುತ್ತ ನಿಂತರು. ಅಪ್ಪನೂ. ಅಪ್ಪ ತೀರಿಹೋದರು, ಆ ಸಿಟ್ಟು ಮಾತ್ರ ನನಗಿನ್ನೂ ಹೋಗಿಲ್ಲ.

ಮಾಮು ಒಬ್ಬೊಬ್ಬರನ್ನೇ ನೋಡಿದರು. “ಮುಂಬೈದಾಗ ಸಾಹೇಬ್ರೂ ನೀ ನಮ್ಮವ ಅಲ್ಲ ಅಂದ್ರು. ಅವರು ನಂಗ ಗುರ್ತು ಇಲ್ದೋರು ಇದ್ರು. ನೀವು...?”

ಕಾರ್ಡು ರದ್ದಾಯಿತು. ಮಾಮು ಮಾಳಿಗೆ ಹತ್ತುವುದನ್ನು ಬಿಟ್ಟರು. ಬೇಸಿಗೆ ಮುಗಿಯುವ ಮೊದಲೇ ಗಂಡ ಹೆಂಡತಿ ಇಬ್ಬರೂ ಗುಳೆಯವರ ಜೊತೆ ಬಸ್ಸು ಹತ್ತಿದರು. ಹೋಗುವಾಗ ಖಾಲಾ ಆ ಬಿಳಿ ಗಂಟನ್ನು ಅವ್ವನ ಕೈಗಿಟ್ಟಳು: “ಅವರ ತಾಯಿ ತೀರಿದ್ರಂತ್ರಿ ಅಕ್ಕ. ಇನ್ನ ಇವು ಯಾರಿಗಿ?” ಮಳೆ ಬಂದ ಮೇಲೆ ಗುಳೆ ಹೋದವರೆಲ್ಲ ಮರಳಿದರು. ಪಕ್ಕದ ಮನೆಯ ಬಾಗಿಲಿಗೆ ಹಾಕಿದ ಕೀಲಿ ಹಾಗೇ ತುಕ್ಕು ಹಿಡಿಯಿತು. ಹೈದರಾಬಾದಿಗೆ ಹೋದಾಗಲೆಲ್ಲ ಬೇಕರಿಗಳಲ್ಲಿ ಇಣುಕುತ್ತಿದ್ದೆ... ಸಿಗಲಿಲ್ಲ.

ನೌಬಾದಿನಿಂದ ತಂದ ನಿಂಬೆಯನ್ನು ನಿನ್ನೆ ಒಡೆದು ಚಹಾಕ್ಕೆ ಹಾಕಿದೆ. ಮನೆಯೆಲ್ಲ ಆ ವಾಸನೆ. ಇದನ್ನು ಯಾರು ಕಲಿಸಿದರೆಂದು ಹೆಂಡತಿ ಕೇಳಿದಳು. ಮಾಮುವಿನ ಬಗ್ಗೆ ಹೇಳಿದೆ.

“ಯಾ ಊರವರ್ರಿ ಅವರು?” ಅಂದಳು.

“ನಮ್ಮ ಓಣಿಯವರು” ಅಂದೆ. ಆ ದಿನ ಕಚೇರಿಯಲ್ಲಿ ಒಬ್ಬರ ಬಾಯಿಂದಲಾದರೂ ಇಷ್ಟೇ ಮಾತು ಬರಬೇಕಿತ್ತು.