ಮುಷ್ಟಿಯೊಳಗಿನ ಉಣ್ಣೆ

ಆಗಿನ್ನೂ ನಮ್ಮ ಹಟ್ಟಿಗೆ ಕರೆಂಟು ಬಂದಿರಲಿಲ್ಲ. ಹೊಸದುರ್ಗದ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಎಪ್ಪತ್ತರ ದಶಕದ ನಡುವಿನ ಆ ದಿನಗಳಲ್ಲಿ ನಾನು ಮೂರು ಮೈಲಿ ನಡೆದು ಹೊಸದುರ್ಗದ ಹೈಸ್ಕೂಲಿಗೆ ಹೋಗುತ್ತಿದ್ದ ಒಂಬತ್ತನೇ ಕ್ಲಾಸಿನ ಹುಡುಗ. ಮುಂದೆ ಬೆಂಗಳೂರಿನ ಒಂದು ಕಾರ್ಖಾನೆಯ ತಂಡದಲ್ಲಿ ಹದಿಮೂರು ವರ್ಷ ಫುಟ್‌ಬಾಲ್ ಆಡಿ, ಅದರಿಂದಲೇ ಅನ್ನ ತಿಂದೆ. ನಾನು ಆಡುತ್ತಿದ್ದದ್ದು ಬ್ಯಾಕ್, ಅಂದರೆ ನಮ್ಮ ಗೋಲಿನ ಮುಂದೆ ನಿಂತು ಬಂದವರನ್ನು ತಡೆಯುವ ಕೆಲಸ. ಎಲ್ಲಿ ಕಲಿತೆ ಎಂದು ಕೇಳಿದವರಿಗೆಲ್ಲ ಹೈಸ್ಕೂಲಿನ ಹೆಸರು ಹೇಳಿಬಿಡುತ್ತಿದ್ದೆ. ಅದು ಅರ್ಧ ನಿಜ. ಆಟ ಕಲಿತದ್ದು ಹೈಸ್ಕೂಲಿನಲ್ಲಿ, ತಡೆಯುವುದನ್ನು ಕಲಿತದ್ದು ನಮ್ಮ ಕುರಿ ರೊಪ್ಪದ ಕಂಡಿಯಲ್ಲಿ.

ರೊಪ್ಪವೆಂದರೆ ಜಾಲಿ ಮುಳ್ಳಿನ ಬೇಲಿ ಸುತ್ತಿದ ಕುರಿದೊಡ್ಡಿ. ಒಳಹೊರಗೆ ಓಡಾಡಲು ಅದಕ್ಕೆ ಒಂದೇ ಕಂಡಿ, ಕಂಡಿಗೊಂದು ಬಿದಿರಿನ ತಡಿಕೆ. ಬೆಳಗಾದರೆ ನೂರು ಚಿಲ್ಲರೆ ಕುರಿಗಳು ಮೇಯಲು ಹೊರಡುತ್ತಿದ್ದವು. ಎಳೆ ಮರಿಗಳು ದಿನವೆಲ್ಲ ನಡೆಯಲಾರವು, ಅವು ಒಳಗೇ ಉಳಿಯಬೇಕು. ಆದರೆ ತಾಯಿ ಹೊರಟಮೇಲೆ ಮರಿ ಸುಮ್ಮನಿರುತ್ತದೆಯೇ? ನಲವತ್ತು ಮರಿಗಳೂ ಒಟ್ಟಿಗೆ ಕಂಡಿಗೆ ನುಗ್ಗುತ್ತಿದ್ದವು. ತಡಿಕೆ ತೆಗೆದು, ದೊಡ್ಡವನ್ನು ಬಿಟ್ಟು, ಚಿಕ್ಕವನ್ನು ತಡೆಯುವುದು ನನ್ನ ಕೆಲಸ. ಹಿಕ್ಕೆ, ಗಂಜಲ, ಮಂಜಿನಲ್ಲಿ ನೆನೆದ ಉಣ್ಣೆಯ ವಾಸನೆ ಅಂಗಿಗೆ ಹತ್ತಿಕೊಂಡೇ ಶಾಲೆಗೆ ಹೋಗುತ್ತಿದ್ದೆ. ಪಕ್ಕದಲ್ಲಿ ಕೂತ ಹುಡುಗ ಮೂಗು ಮುಚ್ಚಿಕೊಂಡಾಗಲೇ ನನಗೆ ಆ ವಾಸನೆ ನೆನಪಾಗುತ್ತಿದ್ದದ್ದು.

ಮೊದಮೊದಲು ದಿನಕ್ಕೆ ಹತ್ತಾದರೂ ಮರಿಗಳು ನನ್ನ ಕಾಲ ಸಂದಿಯಲ್ಲೇ ಪಾರಾಗುತ್ತಿದ್ದವು. ಅಪ್ಪ ಹೊರಗೆ ನಿಂತು ನಗುತ್ತಿದ್ದ.

"ತಲೆ ನೋಡಬ್ಯಾಡ ಕಣಲೇ ಬೀರ, ತಲೆ ಸುಳ್ಳು ಹೇಳ್ತೈತೆ. ಎದೆ ನೋಡು. ಎದೆ ಯಾವ ಕಡೆ ತಿರುಗ್ತೈತೋ ಮರಿ ಆ ಕಡೆ."

"ತಪ್ಪಿಸ್ಕಂಡು ಹೋದ್ರೆ?"

"ಹಿಂದೆ ಓಡಬ್ಯಾಡ. ಅದು ಎಲ್ಲಿಗೆ ಹೋಗ್ತೈತೋ ಅಲ್ಲಿಗೆ ಓಡು. ಏನೂ ನಡೀಲಿಲ್ಲ ಅಂದ್ರೆ ಹಿಂಗಾಲು ಹಿಡಿ."

ಹಿಂಗಾಲು ಹಿಡಿಯುವುದನ್ನು ಕುರುಬರ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಓಡುವ ಕುರಿಯ ಹಿಂಗಾಲು ಕಣ್ಣಿಗೆ ಬಿದ್ದರೆ ಕೈ ತಾನಾಗಿಯೇ ಹೋಗುತ್ತದೆ.

ಶಾಲೆಯಲ್ಲಿದ್ದದ್ದು ಒಂದೇ ಚೆಂಡು. ಹೊಲಿಗೆ ಬಿಟ್ಟ ಚರ್ಮದ ಚೆಂಡು, ಬಾಯಿಗೆ ದಾರ ಕಟ್ಟಿದ್ದು. ಸೈಕಲ್ ಶಾಪಿನಲ್ಲಿ ಗಾಳಿ ಹೊಡೆಸಿ, ಹರಳೆಣ್ಣೆ ಸವರಿಕೊಂಡು ಬರುವುದು ಸರದಿ ಪ್ರಕಾರ ನಮ್ಮ ಪಾಲಿಗೆ ಬರುತ್ತಿತ್ತು. ಮಳೆಯಲ್ಲಿ ನೆನೆದರೆ ಕಲ್ಲಿನಂತಾಗಿ ಹಣೆ ಊದಿಸುತ್ತಿತ್ತು. ಎಲ್ಲರಿಗೂ ಮುಂದೆ ಆಡಿ ಗೋಲು ಹೊಡೆಯುವ ಆಸೆ. ಯಾರಿಗೂ ಬೇಡವಾದವನನ್ನು ಬ್ಯಾಕ್ ನಿಲ್ಲಿಸುತ್ತಿದ್ದರು, ಹಾಗಾಗಿ ನಾನು ಅಲ್ಲಿ ನಿಂತೆ. ನನ್ನನ್ನು ದಾಟುವುದು ಯಾರಿಗೂ ಆಗುತ್ತಿಲ್ಲ ಎನ್ನುವುದನ್ನು ಮೊದಲು ಗಮನಿಸಿದವರು ಡ್ರಿಲ್ ಮೇಷ್ಟ್ರು ತಿಪ್ಪೇಸ್ವಾಮಿ. ಕುಳ್ಳಗಿನ ಮನುಷ್ಯ, ಕೊರಳಲ್ಲಿ ಸದಾ ಸೀಟಿ. ಒಂದು ಸಂಜೆ ಹತ್ತಿರ ಕರೆದು, "ಎಲ್ಲಿ ಕಲ್ತೆಯೋ ಇದ್ನ?" ಎಂದರು. "ರೊಪ್ಪದಾಗೆ ಸಾರ್" ಎಂದೆ. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು ಕಿವಿ ಹಿಂಡಿದರು.

ಆ ವರ್ಷ ಕಾರ್ತಿಕದ ಹೊತ್ತಿಗೆ ಮನೆಯಲ್ಲಿ ಒಂದು ಮಾತು ಎದ್ದಿತು. ಸಂಕ್ರಾಂತಿ ಕಳೆದ ಮೇಲೆ ನಮ್ಮ ಮಂದೆ ಹೊಳಲ್ಕೆರೆ ದಾಟಿ ಭದ್ರಾ ನಾಲೆಯ ಗದ್ದೆಗಳ ಕಡೆ ಹೋಗುತ್ತಿತ್ತು, ಮುಂಗಾರಿಗೆ ವಾಪಸು. ಮಂದೆಯ ಮುಂದೊಬ್ಬ, ಹಿಂದೊಬ್ಬ ಬೇಕು. ಹಿಂದೆ ನಡೆಯುತ್ತಿದ್ದ ಚಿಕ್ಕಪ್ಪ ಬಂಡೆಯಿಂದ ಜಾರಿ ಸೊಂಟ ಮುರಿದುಕೊಂಡು ಮೂಲೆ ಹಿಡಿದಿದ್ದ. ಇನ್ನು ಉಳಿದವನು ನಾನೇ. ಹೋದರೆ ಶಾಲೆ ಮುಗಿದಂತೆ, ಚೆಂಡೂ ಮುಗಿದಂತೆ.

ವಿಷಯ ತಿಳಿದು ತಿಪ್ಪೇಸ್ವಾಮಿ ಮೇಷ್ಟ್ರು ಸೈಕಲ್ ತುಳಿದುಕೊಂಡು ನಮ್ಮ ಹಟ್ಟಿಗೇ ಬಂದರು. ಅಪ್ಪ ಕಂಬಳಿ ಹಾಸಿ, "ಕುಂತ್ಕಳ್ರಿ ಸ್ವಾಮಿ" ಎಂದ. ಅವ್ವ ಚೊಂಬು ತುಂಬ ಮಜ್ಜಿಗೆ ತಂದಿಟ್ಟಳು.

"ಸಂಕ್ರಾಂತಿಗೆ ಮುಂಚೆ ದುರ್ಗದಾಗೆ ಜಿಲ್ಲಾ ಪಂದ್ಯ ಐತೆ" ಎಂದರು ಮೇಷ್ಟ್ರು. "ಬೆಂಗಳೂರಿಂದ ಕೋಚ್ ಬರ್ತಾರೆ. ಚೆನ್ನಾಗಿ ಆಡಿದವ್ರನ್ನ ಆಟದ ಹಾಸ್ಟೆಲಿಗೆ ಆರಿಸ್ಕಂತಾರೆ. ಊಟ, ವಸತಿ, ಓದು ಎಲ್ಲಾ ಅಲ್ಲೇ. ಹುಡುಗನ್ನ ಅಲ್ಲೀ ಗಂಟ ಬಿಡ್ರಿ."

ಅಪ್ಪ ಹೇಳಿದ: "ಆರಿಸ್ಕಂಡ್ರೆ ಹೋಗ್ಲಿ. ಇಲ್ಲಾ ಅಂದ್ರೆ ಹಬ್ಬದ ಮಾರನೇ ದಿನ ಮಂದೆ ಹಿಂದೆ ನಡೀಬೇಕು. ಇದು ನನ್ನ ಮಾತು."

ಅದಕ್ಕೂ ಮುಂಚೆ ಹಿರಿಯೂರಿನಲ್ಲಿ ಒಂದು ಪಂದ್ಯವಿತ್ತು. ವೇದಾವತಿಯ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿದ್ದ ಮಧ್ಯಾಹ್ನ. ನಮ್ಮವರೆಲ್ಲ ಬರಿಗಾಲು. ಹಿರಿಯೂರಿನ ತಂಡದಲ್ಲಿ ಪ್ರಕಾಶ ಎಂಬ ಉದ್ದನೆಯ ಹುಡುಗನೊಬ್ಬನಿಗೆ ಮಾತ್ರ ಬೂಟು. ಜಾರದಿರಲೆಂದು ಅಟ್ಟೆಗೆ ಗುಂಡಿಯಂಥ ಗುಬ್ಬಿಗಳನ್ನು ಹೊಡೆದಿದ್ದ ಕರೀ ಬೂಟು. ಅಂಥದ್ದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು, ಮತ್ತೆ ಮತ್ತೆ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಆದರೂ ಕೊನೆಯವರೆಗೆ ಅವನನ್ನು ತಡೆದೆ. ಇನ್ನೇನು ಆಟ ಮುಗಿಯಬೇಕು, ಆ ಬೂಟು ಎಡಕ್ಕೆ ಹೋದದ್ದು ನೋಡಿ ನಾನೂ ಎಡಕ್ಕೆ ವಾಲಿದೆ, ಆತ ಬಲದಿಂದ ದಾಟಿಬಿಟ್ಟ. ಕಣ್ಣ ಮುಂದೆ ಅವನ ಕಾಲು. ನನ್ನ ಕೈ ತಾನಾಗಿಯೇ ಹೋಯಿತು. ಬೋರಲು ಬಿದ್ದು, ಎರಡೂ ಕೈಯಲ್ಲಿ ಅವನ ಹಿಂಗಾಲನ್ನು ಭದ್ರವಾಗಿ ಹಿಡಿದುಕೊಂಡೆ. ಪ್ರಕಾಶ ಮಕಾಡೆ ಬಿದ್ದ. ಬೂಟು ನನ್ನ ಕೈಯಲ್ಲೇ ಉಳಿಯಿತು.

ಮೈದಾನವೆಲ್ಲ ಹೊಟ್ಟೆ ಹಿಡಿದುಕೊಂಡು ನಗತೊಡಗಿತು. "ಲೇ, ಕುರಿ ಹಿಡಿದಂಗೆ ಹಿಡಿದ್ನಲ್ಲೋ!" ಎಂದು ಯಾರೋ ಕೂಗಿದ. ಸುತ್ತ ನಿಂತವರೆಲ್ಲ "ಬ್ಯಾ... ಬ್ಯಾ..." ಎಂದು ಅರಚಿದರು. ರೆಫರಿ ನನ್ನನ್ನು ಹೊರಗಟ್ಟಿದರು. ಪೆನಾಲ್ಟಿಯಲ್ಲಿ ಪ್ರಕಾಶ ಗೋಲು ಹೊಡೆದ, ನಾವು ಸೋತೆವು. ವಾಪಸು ಬರುವ ಬಸ್ಸಿನಲ್ಲಿ ಯಾರೂ ನನ್ನ ಪಕ್ಕ ಕೂರಲಿಲ್ಲ. ಮೇಷ್ಟ್ರು ಕಟ್ಟಿಸಿಕೊಂಡು ಬಂದಿದ್ದ ಮಂಡಕ್ಕಿ ಮೆಣಸಿನಕಾಯಿ ಪೊಟ್ಟಣ ನನ್ನವರೆಗೆ ಬರಲೇ ಇಲ್ಲ. ಇಳಿಯುವಾಗ ಮೇಷ್ಟ್ರು ಹೇಳಿದ್ದು ಒಂದೇ ಮಾತು: "ಆ ಕೈ ಇರಾ ಗಂಟ ನಿನ್ನ ಆಡ್ಸಾಕಾಗಲ್ಲ ಬೀರ." ನಾಚಿಕೆಯಿಂದ ಸತ್ತು ಹೋಗಬೇಕು ಅನ್ನಿಸಿತು.

ಮನೆಯಲ್ಲಿ ಅಪ್ಪನ ಮುಂದೆ ಎಲ್ಲ ಹೇಳಿಕೊಂಡು ಅತ್ತೆ. ಇನ್ನೇನು, ಕುರಿ ಹಿಂದೆ ಬಾ ಅನ್ನುತ್ತಾನೆ ಅಂದುಕೊಂಡೆ. ಅಪ್ಪ ಬೀಡಿ ಆರಿಸಿ ಕೇಳಿದ.

"ಹಿಂಗಾಲು ಹಿಡಿಯೋದು ಸೋತ ಮ್ಯಾಲೆ. ಅದಕ್ಕೆ ಮುಂಚೆ ನೀನು ಎಲ್ಲಿ ನೋಡ್ತಿದ್ದೆ?"

"ಬೂಟು."

"ಮತ್ತೆ! ಎದೆ ನೋಡು ಅಂದಿರಲಿಲ್ವಾ? ಬೂಟೂ ಸುಳ್ಳು ಹೇಳ್ತೈತೆ."

ಮಾರನೆಯ ಬೆಳಿಗ್ಗೆ ನಾನೇ ಒಂದು ಹಗ್ಗ ತಂದು ಅಪ್ಪನ ಕೈಗೆ ಕೊಟ್ಟೆ. "ನನ್ನ ಕೈ ಬೆನ್ನಿಗೆ ಕಟ್ಟಪ್ಪ" ಎಂದೆ. ಅಪ್ಪ ಯಾಕೆಂದು ಕೇಳಲಿಲ್ಲ, ಕಟ್ಟಿದ. ಹಾಗೇ ಕಂಡಿಯಲ್ಲಿ ನಿಂತೆ. ಮೊದಲ ದಿನ ಅರ್ಧಕ್ಕರ್ಧ ಮರಿಗಳು ಪಾರಾದವು. ಕೈ ಇಲ್ಲದೆ ತೂಕ ತಪ್ಪಿ ಹಿಕ್ಕೆಯ ಮೇಲೆ ಮುಖ ಅಡಿಯಾಗಿ ಬಿದ್ದೆ. ಅವ್ವ ಒಲೆಯ ಮುಂದಿಂದ ಎದ್ದು ಬಂದು, "ಅಪ್ಪ ಮಗ ಇಬ್ರಿಗೂ ತಲೆ ಕೆಟ್ಟೈತೆ! ಮರಿ ಎಲ್ಲಾ ಹೊಲ ಸೇರ್ಕಂಡ್ವು" ಎಂದು ಬೈಯುತ್ತ, ಸೀರೆ ಸೆರಗು ಸಿಕ್ಕಿಸಿಕೊಂಡು ಮರಿಗಳ ಹಿಂದೆ ಓಡಿದಳು. ಎರಡನೇ ದಿನವೂ ಅದೇ. ಮೊಣಕಾಲು ತರಚಿ, ಬೆರಳು ಜಜ್ಜಿ, ಮುಳ್ಳು ಚುಚ್ಚಿ ಕಾಲೆಲ್ಲ ಗಾಯ. ಆದರೆ ಬಿಡಬಾರದು ಎಂದು ಪಟ್ಟು ಹಿಡಿದಿದ್ದೆ. ದಿನ ಕಳೆದಂತೆ ಒಂದು ವಿಷಯ ಅರ್ಥವಾಯಿತು. ನಾನು ಮುಂದೆ ಬೀಳದೆ ಸುಮ್ಮನೆ ನಿಂತರೆ ಮರಿಯೇ ಗಾಬರಿಯಾಗಿ ಮೊದಲು ಹೆಜ್ಜೆ ಇಡುತ್ತದೆ. ಇಟ್ಟ ಕೂಡಲೇ ಅದರ ಎದೆ ಎಲ್ಲವನ್ನೂ ಹೇಳಿಬಿಡುತ್ತದೆ. ಅಲ್ಲಿಗೆ ಒಂದು ಮೊಣಕಾಲು ಇಟ್ಟರೆ ಸಾಕು. ಧನುರ್ಮಾಸದ ಚಳಿ ಬಲಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಒಂದೇ ಒಂದು ಮರಿಯೂ ಹೊರಗೆ ಹೋಗಲಿಲ್ಲ. ಅಪ್ಪ ನನ್ನ ಕೈ ಬಿಚ್ಚಿ, ಹಗ್ಗವನ್ನು ಬೇಲಿಗೆ ಸಿಕ್ಕಿಸಿದ.

ತಿಪ್ಪೇಸ್ವಾಮಿ ಮೇಷ್ಟ್ರ ಮುಂದೆ ಹೋಗಿ ನಿಂತೆ. "ಸಾರ್, ಇನ್ನೊಂದು ಸಲ. ಹಿಡಿದ್ರೆ ನಾನೇ ಮೈದಾನ ಬಿಟ್ಟು ಹೋಗ್ತೀನಿ" ಎಂದೆ. ಅವರು ನನ್ನ ಮೊಣಕಾಲಿನ ಗಾಯಗಳನ್ನೇ ನೋಡುತ್ತ ನಿಂತು, ಕೊನೆಗೆ ಸೀಟಿ ಊದಿ "ಹೋಗು, ಬ್ಯಾಕ್ ನಿಂತ್ಕ" ಎಂದರು.

ದುರ್ಗಕ್ಕೆ ಹೊರಡುವ ದಿನ ಅಪ್ಪ ಬೆಳಿಗ್ಗೆಯೇ ಒಂದು ಕುರಿಯ ಬೆನ್ನಿನಿಂದ ಸ್ವಲ್ಪ ತುಪ್ಪಟ ಕತ್ತರಿಸಿದ. ಕುರಿಯ ಮೈಯಿಂದ ಆಗಷ್ಟೇ ತೆಗೆದ ಜಿಡ್ಡು ಜಿಡ್ಡಾದ ಉಣ್ಣೆಗೆ ನಾವು ತುಪ್ಪಟ ಅನ್ನುತ್ತಿದ್ದೆವು. ಅದನ್ನು ಎರಡು ಉಂಡೆ ಮಾಡಿ ನನ್ನ ಎರಡು ಅಂಗೈಯಲ್ಲಿ ಇಟ್ಟು, ಬೆರಳು ಮಡಚಿದ.

"ಇದು ಕೈಯಾಗೆ ಇರಾ ಗಂಟ ಮುಷ್ಟಿ ಬಿಚ್ಚಬ್ಯಾಡ."

"ನೀನೂ ಬಾರಪ್ಪ, ನೋಡುವಂತೆ."

"ಕುರಿ ಯಾರು ಮೇಯ್ಸೋರು? ನಡಿ, ಬಸ್ ತಪ್ತೈತೆ."

ಕೋಟೆಯ ಬಂಡೆಗಳು ಕಾಣುವ ಮೈದಾನ. ಎದುರಿಗೆ ಮತ್ತೆ ಅದೇ ಹಿರಿಯೂರು. ಪ್ರಕಾಶ ನನ್ನನ್ನು ನೋಡಿದ ಕೂಡಲೇ ನಕ್ಕ. "ಏನಪ್ಪ ಕುರಿ, ಇವತ್ತು ಯಾವ ಕಾಲು ಹಿಡೀತೀಯ?" ನಾನು ಮುಷ್ಟಿ ಬಿಗಿ ಹಿಡಿದು ಅವನ ಎದೆಯನ್ನೇ ನೋಡುತ್ತ ನಿಂತೆ. ಆತ ತಲೆ ಆಡಿಸಿದ, ಬೂಟು ಆಡಿಸಿದ, ಭುಜ ಕುಣಿಸಿದ. ನಾನು ಕಾದೆ. ಪ್ರತಿ ಸಲವೂ ಎದೆ ಹೋದ ಕಡೆಗೆ ನನ್ನ ಮೊಣಕಾಲು ಹೋಯಿತು, ಚೆಂಡು ಅಲ್ಲೇ ನಿಂತಿತು. ಅರ್ಧ ಆಟ ಮುಗಿಯುವಷ್ಟರಲ್ಲಿ ಅವನ ನಗು ನಿಂತಿತ್ತು. ಬಿಳಿ ಟೋಪಿಯ ಕೋಚ್ ಕುರ್ಚಿ ಬಿಟ್ಟು ನಮ್ಮ ಗೋಲಿನ ಪಕ್ಕಕ್ಕೆ ಬಂದು ನಿಂತಿದ್ದರು.

ಕೊನೆಯ ಗಳಿಗೆಯಲ್ಲಿ ನಾನು ಒಂದು ಕಲ್ಲಿನ ಮೇಲೆ ಕಾಲಿಟ್ಟು ಜಾರಿದೆ. ಪ್ರಕಾಶ ದಾಟಿದ. ನಾನು ನೆಲದ ಮೇಲೆ, ಅವನ ಹಿಂಗಾಲು ಕೈಗೆಟಕುವಷ್ಟು ಹತ್ತಿರ. ಕೈ ಚಾಚಿಯೇ ಬಿಟ್ಟಿತ್ತು. ಅಂಗೈಯಲ್ಲಿ ಉಣ್ಣೆ ಒತ್ತಿತು. ಅಷ್ಟೇ, ಮುಷ್ಟಿ ಬಿಚ್ಚಲಿಲ್ಲ. ಎದ್ದೆ. ಅವನ ಹಿಂದೆ ಓಡದೆ, ಅವನು ಹೋಗಬೇಕಾದ ಕಡೆಗೆ, ನೇರ ಗೋಲಿನ ಬಾಯಿಗೆ ಓಡಿದೆ. ಅವನು ನಮ್ಮ ಗೋಲ್‌ಕೀಪರನನ್ನು ತಪ್ಪಿಸಲು ಒಂದು ಹೆಜ್ಜೆ ಹೆಚ್ಚಿಗೆ ಹಾಕಿದ. ಆ ಒಂದು ಹೆಜ್ಜೆ ನನಗೆ ಸಾಕಾಯಿತು. ಗೆರೆಯ ಮೇಲೆ ಚೆಂಡು ನನ್ನ ಮೊಣಕಾಲಿಗೆ ಬಡಿದು ಆಚೆಗೆ ಹಾರಿತು.

ಯಾರೂ ಗೋಲು ಹೊಡೆಯಲಿಲ್ಲ. ಆಗೆಲ್ಲ ಅಂಥ ಪಂದ್ಯವನ್ನು ನಾಣ್ಯ ಚಿಮ್ಮಿ ತೀರ್ಮಾನಿಸುತ್ತಿದ್ದರು. ನಾಣ್ಯ ಹಿರಿಯೂರಿಗೆ ಬಿತ್ತು, ನಾವು ಸೋತೆವು. ಆದರೆ ಕೋಚ್ ಬಂದು ಹಾಸ್ಟೆಲಿನ ಪಟ್ಟಿಗೆ ನನ್ನ ಹೆಸರು ಬರೆದುಕೊಂಡರು. "ಕೈಯಲ್ಲಿ ಏನದು?" ಎಂದು ಕೇಳಿದರು. ನಾನು ತೋರಿಸಲಿಲ್ಲ. ಅದನ್ನು ಮೊದಲು ನೋಡಬೇಕಾದವನು ಬೇರೆ ಇದ್ದ.

ಮರುದಿನ ಮಧ್ಯಾಹ್ನ ಹಟ್ಟಿ ಸೇರಿದಾಗ ಮನೆಯೊಳಗಿಂದ ಅವರೆಕಾಳು ಸಾರಿನ ಘಮಲು ಬರುತ್ತಿತ್ತು. ಅಪ್ಪ ಜಗಲಿಯ ಮೇಲೆ ಕೂತಿದ್ದ. ಗೆದ್ದೆಯಾ, ಸೋತೆಯಾ, ಆರಿಸಿಕೊಂಡರಾ ಎಂದು ಕೇಳಲೇ ಇಲ್ಲ. "ಕೈ ತೋರ್ಸು" ಎಂದ. ಚಡ್ಡಿ ಜೇಬಿನಿಂದ ಎರಡೂ ಉಂಡೆ ತೆಗೆದು ಅಂಗೈಯಲ್ಲಿಟ್ಟೆ. ಬೆವರಿಗೆ ನೆನೆದು, ಹಿಸುಕಿ ಹಿಸುಕಿ, ಆ ತುಪ್ಪಟ ಕಂಬಳಿಯ ತುಂಡಿನಂತೆ ಗಟ್ಟಿಯಾಗಿತ್ತು. ಅಪ್ಪ ಅದನ್ನು ಹಿಂಜಲು ನೋಡಿದ, ಒಂದೆಳೆಯೂ ಬಿಟ್ಟು ಬರಲಿಲ್ಲ. ಅವನ ಕಣ್ಣು ತುಂಬಿ ಬಂತು.

"ಹಬ್ಬ ಮುಗಿಸ್ಕಂಡು ಬೆಂಗಳೂರಿಗೆ ಹೋಗು" ಎಂದ.

ಹಬ್ಬದ ಮಾರನೆಯ ದಿನ ನಾನು ಬಸ್ಸಿಗೆ, ಅಪ್ಪ ಒಬ್ಬನೇ ಮಂದೆಯೊಡನೆ ಪಡುವಣ ದಿಕ್ಕಿಗೆ. ಅವತ್ತು ಮರಿಗಳೂ ಹೊರಡುವವು, ಕಂಡಿಯಲ್ಲಿ ತಡೆಯುವ ಕೆಲಸವಿರಲಿಲ್ಲ.

ಅಪ್ಪ ನನ್ನ ಒಂದು ಆಟವನ್ನೂ ನೋಡಲಿಲ್ಲ. ಆದರೆ ವರ್ಷಕ್ಕೊಮ್ಮೆ, ಬೆಂಗಳೂರಿಗೆ ಹೊರಟವರ ಕೈಯಲ್ಲಿ ಒಂದು ಹಿಡಿ ಉಣ್ಣೆ ಕಳಿಸುತ್ತಿದ್ದ. ಜೊತೆಗೆ, ಎಲ್ಲಾ ಚೆನ್ನಾಗೈತೆ ಎಂಬ ಮಾತು. ಮೊದಲ ವರ್ಷದ್ದು ಬಹಳ ಮೆತ್ತಗಿತ್ತು, ಕಪ್ಪಗೆ ಗುಂಗುರು ಗುಂಗುರಾಗಿ. ನನ್ನ ಮೊದಲ ದೊಡ್ಡ ಪಂದ್ಯ ಆಡಿದ್ದು ಅದನ್ನೇ ಹಿಡಿದು. ಮುಷ್ಟಿ ಕಟ್ಟಿ ಆಡುವ ನನ್ನನ್ನು ನೋಡಿ ಜನ ಸಿಟ್ಟಿನ ಮನುಷ್ಯ ಅನ್ನುತ್ತಿದ್ದರು. ಅನ್ನಲಿ ಎಂದು ಸುಮ್ಮನಿರುತ್ತಿದ್ದೆ.

ಈಗ ಅಪ್ಪನಿಲ್ಲ, ರೊಪ್ಪವಿಲ್ಲ. ಬೇಲಿಯಿದ್ದ ಜಾಗದಲ್ಲಿ ತೆಂಗಿನ ಸಸಿಗಳು ಎದ್ದು ಮರವಾಗಿವೆ. ಅಪ್ಪ ತೀರಿಕೊಂಡ ವರ್ಷ ಅವ್ವನ ಜೊತೆ ಆ ಮರಗಳ ಕೆಳಗೆ ಕೂತು, ಮೊದಲ ವರ್ಷದ ಉಣ್ಣೆ ಎಷ್ಟು ಮೆತ್ತಗಿತ್ತು ಗೊತ್ತಾ ಎಂದೆ. ಆಗ ಅವ್ವ ಬಾಯಿ ಬಿಟ್ಟಳು.

"ಅದು ಮರಿ ತುಪ್ಪಟ ಕಣಪ್ಪ. ಆ ವರ್ಷ ಹೊಳಲ್ಕೆರೆ ಕಡೆ ತೋಳ ಬಿದ್ದು ಹದಿನಾಲ್ಕು ಮರಿ ಹೋದ್ವು. ನಿಮ್ಮಪ್ಪ ಮುಂದಿದ್ದ, ಹಿಂದೆ ಯಾರೂ ಇರಲಿಲ್ಲ. ಸತ್ತ ಮರಿಗಳ ತುಪ್ಪಟ ಕತ್ತರಿಸ್ಕಂಡು ಬಂದಿದ್ದ. ಬೀರಂಗೆ ಹೇಳಬ್ಯಾಡ, ಹೇಳಿದ್ರೆ ಹುಡುಗ ಮುಷ್ಟಿ ಬಿಚ್ಚಿಬಿಡ್ತಾನೆ ಅಂದಿದ್ದ."

ಹದಿಮೂರು ವರ್ಷ ಎಷ್ಟೋ ಜನರನ್ನು ತಡೆದು ನಿಲ್ಲಿಸಿದೆ, ಚಪ್ಪಾಳೆ ತೆಗೆದುಕೊಂಡೆ. ನಾನು ನಿಲ್ಲಬೇಕಾಗಿದ್ದ ಜಾಗದಲ್ಲಿ ಮಾತ್ರ ಆ ಬೇಸಿಗೆ ನಾನಿರಲಿಲ್ಲ.